ಹತ್ತನೆಯ ವಚನ ಎಲ್ಲಿ ಹೋಯಿತು?

ಭಾನುವಾರ ಆರಾಧನೆ ಮುಗಿದ ಮೇಲೆ ದೇವಾಲಯದ ಮೆಟ್ಟಿಲ ಬಳಿ ಕಂಡದ್ದು ಎರಡು ದಿನ ಕಳೆದರೂ ನನ್ನನ್ನು ಬಿಡುತ್ತಿಲ್ಲ. ಲಕ್ವ ಹೊಡೆದು ಎಂಟು ತಿಂಗಳಿಂದ ಹಾಸಿಗೆ ಹಿಡಿದಿರುವ ಗಂಡನನ್ನು ಹೊಲಿಗೆಯ ದುಡಿಮೆಯಲ್ಲೇ ನೋಡಿಕೊಳ್ಳುತ್ತಿರುವ ಹೆಣ್ಣುಮಗಳೊಬ್ಬಳ ಕೈಗೆ ಸಭೆಯ ಹಿರಿಯರೊಬ್ಬರು ಬೈಬಲಿನ ವಚನ ಅಚ್ಚಾದ, ಹೊಳೆಯುವ ವಾಗ್ದಾನದ ಕಾರ್ಡೊಂದನ್ನು ಇಟ್ಟು, "ಯೆರೆಮೀಯ 29:11, ಮಗಳೇ. ಈ ವರ್ಷವೇ ಎಲ್ಲವೂ ಸರಿಹೋಗುತ್ತದೆ, ನಂಬು" ಎಂದು ಹೇಳಿ ಕಾರು ಹತ್ತಿದರು. ನಿಮ್ಮ ವಿಷಯದಲ್ಲಿ ನನ್ನ ಯೋಚನೆಗಳು ಕೇಡಿನವಲ್ಲ, ಹಿತದವು, ನಿಮಗೆ ನಿರೀಕ್ಷೆ ಕೊಡುವಂಥವು ಎಂದು ದೇವರು ಹೇಳುವ ವಚನ ಅದು. ಅವಳು ಕಾರ್ಡನ್ನು ಹಿಂದುಮುಂದು ತಿರುಗಿಸಿ ನೋಡಿ ನನ್ನನ್ನು ಕೇಳಿದಳು: "ಯಾವಾಗ ಅಂತ ಇದರಲ್ಲಿ ಬರೆದಿಲ್ಲವಲ್ಲ ಅಕ್ಕ?"

ಬರೆದಿದೆ. ಕಾರ್ಡಿನಲ್ಲಲ್ಲ, ಬೈಬಲಿನಲ್ಲಿ, ಅದರ ಹಿಂದಿನ ವಚನದಲ್ಲೇ. ಬಾಬೆಲಿನಲ್ಲಿ (ಬ್ಯಾಬಿಲೋನಿನಲ್ಲಿ) ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ಹಿಂದಕ್ಕೆ ಕರೆತರುತ್ತೇನೆ ಎಂದು ದೇವರು ಹೇಳುವುದು 10ನೆಯ ವಚನದಲ್ಲಿ. ಯೆರೂಸಲೇಮಿನಿಂದ ಅಲ್ಲಿಗೆ ಸೆರೆಯಾಗಿ ಹೋದವರಿಗೆ ಪ್ರವಾದಿ ಯೆರೆಮೀಯನು ಬರೆದ ಆ ಪತ್ರದಲ್ಲಿ, ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿಸಿರಿ ಎಂಬ ಮಾತೂ ಇದೆ. ನಲವತ್ತು ದಾಟಿ ಅದನ್ನು ಓದಿಸಿಕೇಳಿದವನು ಊರಿನ ಮುಖ ನೋಡದೆಯೇ ಸತ್ತಿರಬೇಕು. ಎರಡೇ ವರ್ಷದಲ್ಲಿ ಎಲ್ಲರೂ ಮರಳುತ್ತಾರೆ ಎಂದು ಸಾರಿದವನೂ ಒಬ್ಬನಿದ್ದ, ಹಿಂದಿನ ಅಧ್ಯಾಯದ ಹನನ್ಯ. ಅವನನ್ನು ಬೈಬಲು ಸುಳ್ಳು ಪ್ರವಾದಿಗಳ ಸಾಲಿಗೆ ಸೇರಿಸಿದೆ. ನಾವು ಅವನ ಮಾತನ್ನು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ, ಕೆಳಗೆ ಯೆರೆಮೀಯನ ಹೆಸರು ಹಾಕಿ ಹಂಚುತ್ತಿದ್ದೇವೆ.

ನೊಂದವರಿಗೆ ಬೇಕಾದದ್ದು ಸಮಾಧಾನ, ಇತಿಹಾಸದ ಪಾಠವಲ್ಲ ಎಂದು ನೀವು ಹೇಳಬಹುದು. ಸರಿ. ಆದರೆ ಡಿಸೆಂಬರ್ ಕಳೆದೂ ಅವಳ ಗಂಡ ಎದ್ದು ಕೂರದಿದ್ದರೆ, ತಪ್ಪು ಕಾರ್ಡಿನದಾಗುವುದಿಲ್ಲ, ಅವಳ ವಿಶ್ವಾಸದ್ದಾಗುತ್ತದೆ. ನನ್ನ ಅಮ್ಮನ ಮಂಚದ ತಲೆದೆಸೆಗೆ ಇದೇ ವಚನವನ್ನು ಅಂಟಿಸಿದ್ದೆ. ಮಣ್ಣು ಮಾಡಿ ಬಂದ ದಿನವೇ ಒಬ್ಬರು, "ಉಪವಾಸ ಸರಿಯಾಗಿ ಮಾಡಿದ್ದಿರಾ?" ಎಂದು ಕೇಳಿದರು. ಮೂರು ವರ್ಷ ನಾನು ದೇವಾಲಯದ ಕಡೆ ತಲೆ ಹಾಕಲಿಲ್ಲ. (ಇಷ್ಟಾದರೂ, ಕಳೆದ ವರ್ಷ ಕೆಲಸ ಕಳೆದುಕೊಂಡ ಗೆಳತಿಗೆ ಅದೇ 11ನೆಯ ವಚನವನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದವಳೂ ನಾನೇ. ಬೆರಳಿಗೆ ರೂಢಿಯಾಗಿಬಿಟ್ಟಿದೆ.)

ನನ್ನನ್ನು ಮರಳಿ ಕರೆತಂದದ್ದು ಅದೇ ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯ. ಯೆರೂಸಲೇಮಿನ ಸುತ್ತ ಶತ್ರುವಿನ ದಂಡು, ಯೆರೆಮೀಯ ಕಾವಲಿನವರ ಅಂಗಳದಲ್ಲಿ ಬಂದಿ. ಅಂಥ ಹೊತ್ತಿನಲ್ಲಿ ಅವನು ಚಿಕ್ಕಪ್ಪನ ಮಗನಿಂದ ತನ್ನ ಊರಾದ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಳ್ಳುತ್ತಾನೆ. ಕ್ರಯಪತ್ರಕ್ಕೆ ಸಾಕ್ಷಿಗಳ ರುಜುವಾಗುತ್ತದೆ, ಮುದ್ರೆ ಹಾಕಿದ ಪ್ರತಿಯನ್ನೂ ಹಾಕದ ಪ್ರತಿಯನ್ನೂ ಬಹುಕಾಲ ಕೆಡದಿರಲೆಂದು ಮಣ್ಣಿನ ಮಡಕೆಯಲ್ಲಿಡಲಾಗುತ್ತದೆ. ತಾನು ಉಳಲಾರದ ಹೊಲಕ್ಕೆ ಹಣ ಕೊಟ್ಟವನ ನಿರೀಕ್ಷೆಯನ್ನು ನಾನು ನಂಬುತ್ತೇನೆ. ಕೊನೆಗೆ ಜನ ಮರಳಿ ಯೆರೂಸಲೇಮಿನಲ್ಲಿ ಹೊಸ ದೇವಾಲಯಕ್ಕೆ ಅಸ್ತಿವಾರ ಹಾಕಿದಾಗಲೂ ಹಳೆಯದನ್ನು ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು. ಅಳು ಯಾವುದು, ಹರ್ಷಧ್ವನಿ ಯಾವುದು ಎಂದು ತಿಳಿಯದಾಯಿತು ಎನ್ನುತ್ತದೆ ಎಜ್ರನ ಗ್ರಂಥ.

ಎಪ್ಪತ್ತು ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವಳು ಕಾರ್ಡನ್ನು ಆಸ್ಪತ್ರೆಯ ಚೀಟಿಗಳ ಜೊತೆ ಚೀಲಕ್ಕೆ ಸೇರಿಸಿ, "ಗುರುವಾರ ಬನ್ನಿ ಅಕ್ಕ, ರವಿಕೆ ಆಗಿರುತ್ತದೆ" ಎಂದಳು. ಹೋಗುವಾಗ ಬೈಬಲನ್ನೂ ಒಯ್ಯುತ್ತೇನೆ. ಅವಳು ಒಪ್ಪಿದರೆ, ಅವಳ ಗಂಡನ ಹಾಸಿಗೆಯ ಪಕ್ಕ ಕುಳಿತು ಆ ಹೊಲದ ಕಥೆಯನ್ನು ಓದುತ್ತೇನೆ, ಮುತ್ತಿಗೆಯ ಭಾಗವನ್ನು ಬಿಡದೆ.