ನನ್ನ ಮನೆ ಅಡುಗೆಮನೆಯಿಂದ ಶುರುವಾಗಲಿ

ಮೊನ್ನೆ ಎಂಜಿನಿಯರ್ ಪ್ಲಾನ್ ಕಳಿಸಿದರು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮಗೊಂದು 15 ಸೆಂಟ್ಸ್ ಜಾಗ ಉಂಟು. ಹಳೇ ತೋಟದ ಮೇಲ್ಬದಿ, ಗುಡ್ಡದ ಬುಡ. ಅಲ್ಲೊಂದು ಮನೆ ಕಟ್ಟಬೇಕೆಂದು ಹತ್ತು ವರ್ಷದಿಂದ ಕನಸು ಕಾಣುತ್ತಿದ್ದೇನೆ. ಫೋನಿನಲ್ಲಿ ಪ್ಲಾನ್ ತೆರೆದ ಕೂಡಲೇ ಕಂಡದ್ದು ಬಣ್ಣದ ತ್ರೀಡಿ ಚಿತ್ರ. ಎತ್ತರದ ಎರಡು ಕಂಬ, ಕಾರ್ ಪೋರ್ಚ್, ಸಿಟ್‌ಔಟ್, ಮುಂದಿನ ಗೋಡೆಗೆ ಬೂದು ಕಲ್ಲಿನ ಅಲಂಕಾರ. ನೋಡಲು ಚೆಂದವೇ ಇತ್ತು. ಆಮೇಲೆ ಅಡುಗೆಮನೆ ಎಲ್ಲಿ ಅಂತ ಹುಡುಕಿದೆ. ಹಿಂದುಗಡೆ, ಗುಡ್ಡ ಕಡಿದು ಮಾಡಿದ ದರೆಗೆ ಮುಖ ಮಾಡಿ, ಒಂದು ಸಣ್ಣ ಕಿಟಕಿ ಇಟ್ಟುಕೊಂಡು ಕೂತಿತ್ತು.

ಅವತ್ತಿನಿಂದ ಈ ಮಾತು ತಲೆಯಲ್ಲಿ ಕೊರೆಯುತ್ತಾ ಇದೆ. ಮನೆಯ ಕನಸನ್ನು ನಾವು ಯಾಕೆ ಯಾವಾಗಲೂ ರಸ್ತೆಯಲ್ಲಿ ನಿಂತು ಕಾಣುತ್ತೇವೆ? ದಾರಿಹೋಕರಿಗೆ ಕಾಣುವ ಮುಖಕ್ಕೆ ಮೊದಲ ದುಡ್ಡು, ಮೊದಲ ಜಾಗ. ದಿನಕ್ಕೆ ಹತ್ತು ಗಂಟೆ ಒಬ್ಬರು ನಿಂತು ಬದುಕುವ ಕೋಣೆಗೆ ಉಳಿದ ಜಾಗ. ನನಗೆ ತಿರುಗಿಸಿ ಕಟ್ಟಬೇಕು. ಅಡುಗೆಮನೆ, ಬಚ್ಚಲು, ನೀರು, ಬಟ್ಟೆ ಒಣಗಿಸುವ ಜಾಗ ಇವಿಷ್ಟನ್ನು ಮೊದಲು ಇಟ್ಟು, ಆಮೇಲೆ ಮುಂದಿನ ಬಾಗಿಲು ಎಲ್ಲಿ ಬರುತ್ತದೋ ಅಲ್ಲಿ ಬರಲಿ.

ಹೀಗೆಂದಾಗ ಸ್ನೇಹಿತರು ಹೇಳಿದ್ದು, "ಹಾಗಾದ್ರೆ ಹಳೇ ಮನೆಯ ಹಾಗೆ ಕಟ್ಟು, ಎಲ್ಲಾ ಸರಿ ಇರ್ತದೆ." ಇಲ್ಲ, ಹಳೇ ಮನೆಯಲ್ಲಿ ಎಲ್ಲವೂ ಸರಿ ಇರಲಿಲ್ಲ.

ಪೆರ್ಲದ ಹತ್ತಿರದ ಅಜ್ಜನ ಮನೆಯಲ್ಲಿ ನಾನು ಬೆಳೆದವಳು. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ದಪ್ಪ ಗೋಡೆ, ಹಂಚಿನ ಮಾಡು, ಉದ್ದದ ಜಗಲಿ. ಏಪ್ರಿಲ್ ಮಧ್ಯಾಹ್ನವೂ ಚಾವಡಿ ತಣ್ಣಗೆ. ಆದರೆ ಅಡುಗೆಮನೆ ಹೇಗಿತ್ತು ಗೊತ್ತಾ? ಹಗಲು ಹೊತ್ತಲ್ಲೂ ಕತ್ತಲೆ. ಒದ್ದೆ ಮಡಲು, ಗೆರಟೆ, ಅಡಿಕೆ ಸಿಪ್ಪೆ ಹಾಕಿದರೆ ಹೊಗೆ ಹೊರಗೆ ಹೋಗಲು ಹಂಚಿನ ಸಂದು ಬಿಟ್ಟರೆ ದಾರಿ ಇರಲಿಲ್ಲ. ಹಂಚು ಹೊತ್ತ ಮರದ ಪಕ್ಕಾಸುಗಳೆಲ್ಲ ಡಾಂಬರು ಬಳಿದ ಹಾಗೆ ಕಪ್ಪು. ಅಮ್ಮನ ಕಣ್ಣು ಮಳೆಗಾಲ ಪೂರ್ತಿ ಕೆಂಪು.

ಅಲ್ಲಿಂದ ಅಂಗಳ ಕಾಣುತ್ತಿರಲಿಲ್ಲ. ಯಾರು ಬಂದರು ಅಂತ ಅಮ್ಮನಿಗೆ ಗೊತ್ತಾಗುತ್ತಿದ್ದದ್ದು ಸ್ವರದಿಂದ. ಕೈಯಲ್ಲಿ ಸೌಟು ಹಿಡಿದು, ಒಂದು ಕ್ಷಣ ಅಲ್ಲಾಡದೆ ನಿಂತು ಕಿವಿಗೊಡುತ್ತಿದ್ದಳು. ಒಂದು ಕೆಮ್ಮು, ಒಂದು ನಗು, ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟ ಸದ್ದು. "ನಾಲ್ಕು ಜನ" ಅಂತ ತನಗೆ ತಾನೇ ಹೇಳಿಕೊಂಡು ನಾಲ್ಕು ಲೋಟ ಇಳಿಸುತ್ತಿದ್ದಳು. ಲೆಕ್ಕ ತಪ್ಪುತ್ತಿದ್ದದ್ದು ಕಡಿಮೆ. ಚಿಕ್ಕವಳಿದ್ದಾಗ ಅದು ನನಗೆ ಅಮ್ಮನ ಜಾಣತನ ಅನ್ನಿಸುತ್ತಿತ್ತು. ಈಗ ನೆನೆಸಿಕೊಂಡರೆ ಹೊಟ್ಟೆ ಕಿವುಚುತ್ತದೆ. ಸ್ವಂತ ಮನೆಗೆ ಬಂದವರ ಮುಖ ನೋಡಲು ಆಕೆಗೆ ಒಂದು ಕಿಟಕಿ ಇರಲಿಲ್ಲ.

ಹಿಂದಿನ ಜಗಲಿಯ ಮೂಲೆಯಲ್ಲಿ ಇನ್ನೊಂದು ಜಾಗ ಇತ್ತು. ತಿಂಗಳಲ್ಲಿ ಮೂರು ದಿನ 'ಹೊರಗೆ' ಕೂರುವ ಜಾಗ. ಒಂದು ಚಾಪೆ, ಒಂದು ಚೆಂಬು. ಇರಿಚಲು ಹೊಡೆದರೆ ಚಾಪೆಯ ಅಂಚು ಒದ್ದೆ. ನಾನೂ ಅಲ್ಲಿ ಕೂತಿದ್ದೇನೆ. ನನ್ನ ಮನೆಯಲ್ಲಿ ಆ ಮೂಲೆ ಇರುವುದಿಲ್ಲ. ಅದರ ಬಗ್ಗೆ ಚರ್ಚೆಯೂ ಬೇಡ.

ಅಜ್ಜನ ಮನೆಯಲ್ಲಿ ಅಡುಗೆಮನೆಯ ಪಾಲಿಗೆ ಒಳ್ಳೆಯದಿದ್ದದ್ದು ನೀರು ಮಾತ್ರ. ಹಿಂದಿನ ಗುಡ್ಡದಲ್ಲಿ ಸುರಂಗ. ಘಟ್ಟದ ಮೇಲಿನ ಸ್ನೇಹಿತರಿಗೆ ಇದು ಹೊಸತಿರಬಹುದು. ಬಾವಿಯನ್ನು ಕೆಳಗೆ ತೋಡುವ ಬದಲು ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆಯುವುದು. ಒಬ್ಬರು ನಡೆದು ಹೋಗುವಷ್ಟು ಎತ್ತರ, ಭುಜ ಎರಡೂ ಬದಿಗೆ ತಾಗುವಷ್ಟು ಅಗಲ. ಉದ್ದ ಅಳೆಯುವುದು ಕೋಲಿನ ಲೆಕ್ಕದಲ್ಲಿ. ಒಂದು ಕೋಲು ಅಂದರೆ ಎರಡೂವರೆ ಅಡಿಗೆ ಹತ್ತಿರ. ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು, ಒಳಗಿನ ಮೆದು ಪದರದಲ್ಲಿ ನಿಂತು, ಸುರಂಗದ ಗೋಡೆಯಿಂದ ತೊಟ್ಟಿಕ್ಕುತ್ತದೆ. ಪಂಪು ಬೇಡ, ಕರೆಂಟು ಬೇಡ. ಇಳಿಜಾರಿನಲ್ಲಿ ತಾನೇ ಹರಿದು ಬರುತ್ತದೆ. ಮೊದಲು ಅಡಿಕೆ ಮರದ ದಂಬೆಯಲ್ಲಿ ಬರುತ್ತಿತ್ತು, ಆಮೇಲೆ ಪೈಪ್ ಬಂತು. ಅಡುಗೆಮನೆಯ ಹೊರಗಿನ ಕಲ್ಲಿನ ತೊಟ್ಟಿಗೆ ಆ ನೀರು ರಾತ್ರಿ ಹಗಲು ಬೀಳುವ ಸದ್ದು. ನನಗೆ ಇವತ್ತಿಗೂ ನಿದ್ದೆ ಬಾರದ ರಾತ್ರಿ ನೆನಪಾಗುವುದು ಅದೇ.

ಎಣ್ಮಕಜೆ, ಪಡ್ರೆ, ಬಾಯಾರು ಕಡೆ ಸುರಂಗ ಇಲ್ಲದ ಗುಡ್ಡ ಕಡಿಮೆ. ಗಡಿಯಾಚೆ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಹಲವು ಸಲ ನೀರು ಸಿಗದೆ ಸೋತು, ಕೊನೆಗೆ ಗೆದ್ದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆವು. ಈಗ ಎಲ್ಲರೂ ಬೋರ್‌ವೆಲ್ ಕೊರೆಸುತ್ತಾರೆ. ಹತ್ತಿರದಲ್ಲಿ ಬೋರು ಬಂದ ಮೇಲೆ ಬತ್ತಿದ ಸುರಂಗಗಳನ್ನು ನಾನೇ ನೋಡಿದ್ದೇನೆ.

ನಮ್ಮ ಜಾಗದಲ್ಲೂ ಒಂದು ಹಳೇ ಸುರಂಗ ಉಂಟು. ಸುಮಾರು 22 ಕೋಲು. ಬಾಯಿ ಮಣ್ಣು ಜರಿದು ಅರ್ಧ ಮುಚ್ಚಿದೆ. ಆದರೂ ಫೆಬ್ರವರಿವರೆಗೆ ಹೆಬ್ಬೆರಳು ಗಾತ್ರದ ನೀರು ಬರುತ್ತದೆ. ಎಂಜಿನಿಯರ್ ಹಾಕಿದ ಪ್ಲಾನಿನಲ್ಲಿ ಆ ಜಾಗ ಕಾರ್ ತಿರುಗಿಸಲು. ಗುಡ್ಡವನ್ನು ಎಂಟು ಅಡಿ ಹಿಂದಕ್ಕೆ ಕಡಿದು, ಜೆಸಿಬಿಯಲ್ಲಿ ಎರಡು ದಿನದ ಕೆಲಸ ಅಂತ ಬರೆದಿದ್ದಾರೆ. ನಾನು ಒಪ್ಪಲಿಲ್ಲ. ಹೆದ್ದಾರಿ ಅಗಲ ಮಾಡಲು ಕಡಿದ ಗುಡ್ಡಗಳು ಏನಾದವು ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2025ರ ಮಳೆಗಾಲದಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ರಸ್ತೆಗೆ ಜರಿದದ್ದನ್ನು ಎಲ್ಲರೂ ನೋಡಿದ್ದೇವೆ. ಮೇಲಿನ ಮುರಕಲ್ಲು ಗಟ್ಟಿ, ಅಡಿಯ ಮಣ್ಣು ಮೆದು. ಬುಡ ಕಡಿದು ನೇರ ದರೆ ಮಾಡಿದರೆ, ಮೆದು ಮಣ್ಣು ನೀರು ಕುಡಿದು ಭಾರವಾದಾಗ ತಡೆಯುವುದು ಯಾವುದು?

ಹಾಗಾಗಿ ನನ್ನ ಮನೆ ಗುಡ್ಡದ ಒಳಗೆ ನುಗ್ಗುವುದು ಬೇಡ. ಗುಡ್ಡದ ಉದ್ದಕ್ಕೆ ಮಲಗಲಿ. ಒಂದೇ ಅಂತಸ್ತು, ಅಗಲ ಕಡಿಮೆ, ಉದ್ದ ಜಾಸ್ತಿ. ಎಲ್ಲ ಕೋಣೆಗೂ ಎರಡು ಬದಿಯಿಂದ ಗಾಳಿ. ಸುರಂಗದ ಬಾಯಿ ಬಿಡಿಸಿ, ನೀರು ಸೀದಾ ಅಡುಗೆಮನೆಯ ತೊಟ್ಟಿಗೆ. ಬೇಸಿಗೆಗೆ ಬಾವಿ. ಆ ಬಾವಿಗೆ ಮಾಡಿನ ನೀರು. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. 1000 ಚದರಡಿ ಮಾಡಿನ ಮೇಲೆ ಅಂದರೆ 3 ಲಕ್ಷ ಲೀಟರಿಗೂ ಜಾಸ್ತಿ. ಅಷ್ಟನ್ನೂ ಚರಂಡಿಗೆ ಬಿಟ್ಟು ಏಪ್ರಿಲಿನಲ್ಲಿ ಟ್ಯಾಂಕರಿಗೆ ಫೋನ್ ಮಾಡುವುದು ನನ್ನಿಂದಾಗದು.

ಗೋಡೆ ಮುರಕಲ್ಲಿನದ್ದೇ, ಹೊರಗೆ ಸಿಮೆಂಟು ಬಳಿಯದೆ. ನೆಲದಿಂದ ಕಡಿದು ತೆಗೆಯುವಾಗ ಮೆದು ಇರುವ ಕಲ್ಲು, ಗಾಳಿ ಬಿಸಿಲು ತಾಗಿದ ಹಾಗೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಇಟ್ಟಿಗೆ ಅನ್ನುವ ಲ್ಯಾಟಿನ್ ಪದದಿಂದ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಬೇಕಲ ಕೋಟೆ ಇದೇ ಕಲ್ಲಿನದ್ದು. ಕಡಲ ಗಾಳಿಗೆ ಎದೆ ಕೊಟ್ಟು ಇವತ್ತಿಗೂ ನಿಂತಿದೆ. ನನ್ನ ನಾಲ್ಕು ಗೋಡೆಗೆ ಇನ್ನೇನು ಬೇಕು?

ಮಾಡು ಹಂಚಿನದ್ದು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ನಮ್ಮ ಕಡೆ ಮುಳಿಹುಲ್ಲಿನ ಮಾಡುಗಳು ಒಂದೊಂದೇ ಕೆಂಪಾದವು. ಮಂಗಗಳ ಕಾಟ ಈಗ ಜಾಸ್ತಿ, ಹಂಚು ಒಡೆಯುತ್ತವೆ, ಅದು ನಿಜ. ಆದರೆ ಕಾಂಕ್ರೀಟ್ ತಾರಸಿ ಹಾಕಿದವರೂ ಐದಾರು ಮಳೆಗಾಲ ಕಳೆದ ಮೇಲೆ ಸೋರುತ್ತದೆಂದು ಅದರ ಮೇಲೆ ತಗಡಿನ ಶೀಟು ಹೊದೆಸುತ್ತಾರೆ. ಒಂದು ಮನೆಗೆ ಎರಡು ಮಾಡು. ಅದರ ಬದಲು ಮೊದಲೇ ಇಳಿಜಾರು ಮಾಡು ಹಾಕಿ, ಸೂರನ್ನು ನಾಲ್ಕು ಅಡಿ ಹೊರಗೆ ಚಾಚಿದರೆ ಗೋಡೆಯೂ ಒಣಗಿರುತ್ತದೆ, ಕಿಟಕಿ ತೆರೆದೇ ಮಳೆ ನೋಡಬಹುದು. ಅಡುಗೆಮನೆಯ ಮೇಲೆ ಮಾತ್ರ ನಾಲ್ಕು ಗಾಜಿನ ಹಂಚು. ಒಲೆಯ ಮೇಲೆ ಬೆಳಕು ಬೀಳಲಿ.

ಇನ್ನು ಹೊಸ್ತಿಲು. ಅಜ್ಜಿಯ ಕೊನೆಯ ಎರಡು ವರ್ಷ ನಾನು ಹತ್ತಿರ ಇದ್ದೆ. ಸೊಂಟ ಮುರಿದ ಮೇಲೆ ಗಾಲಿಕುರ್ಚಿ. ಮಲಗುವ ಕೋಣೆಯ ಹೊಸ್ತಿಲು ಅರ್ಧ ಅಡಿ, ಚಾವಡಿಯ ಹೊಸ್ತಿಲು ಅದಕ್ಕಿಂತ ಎತ್ತರ, ಜಗಲಿಯಿಂದ ಅಂಗಳಕ್ಕೆ ಐದು ಮೆಟ್ಟಿಲು. ಆಕೆಗೆ ತುಳಸಿಕಟ್ಟೆ ನೋಡಬೇಕೆಂದರೆ ಇಬ್ಬರು ಗಂಡಸರು ಬೇಕು. ಅವರು ತೋಟದಿಂದ ಬರುವವರೆಗೆ ಅಜ್ಜಿ ಹೊಸ್ತಿಲಿನ ಈಚೆ ಕೂತು ಕಾಯುತ್ತಿದ್ದಳು. ಕೈಯಲ್ಲಿ ದೀಪದ ಬತ್ತಿ ಹೊಸೆಯುತ್ತಾ. ಕುರ್ಚಿ ಎತ್ತುವಾಗ ಎರಡೂ ಹಿಡಿಗಳನ್ನು ಗಟ್ಟಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ಕೊನೆ ಕೊನೆಗೆ "ಬೇಡ ಬಿಡಿ, ಸುಮ್ನೆ ನಿಮಗೆ ಕಷ್ಟ" ಅಂತ ಕೇಳುವುದನ್ನೇ ಬಿಟ್ಟಳು. ಅರವತ್ತು ವರ್ಷ ತಾನೇ ರಂಗೋಲಿ ಹಾಕಿದ ಅಂಗಳ ಅದು.

ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರುಗಳು ನಮ್ಮವು. ಮಕ್ಕಳನ್ನು ಇಪ್ಪತ್ತು ವರ್ಷವಾದರೂ ಎತ್ತಿಕೊಂಡೇ ತಿರುಗುವ ತಾಯಂದಿರು ನಮ್ಮ ಸುತ್ತಮುತ್ತ ಇದ್ದಾರೆ. ಆ ಮನೆಗಳಿಗೆ ಹೋಗಿ ಬಂದವರಿಗೆ ಬಾಗಿಲಿನ ಅಗಲ, ಮೆಟ್ಟಿಲಿನ ಎತ್ತರ ಅನ್ನುವುದು ಸಣ್ಣ ವಿಷಯ ಅನ್ನಿಸಲು ಸಾಧ್ಯವೇ ಇಲ್ಲ. ನನ್ನ ಮನೆಗೆ ಅಂಥ ಮಗುವೊಂದು ಬಂದರೆ ಕುರ್ಚಿಯಲ್ಲೇ ಒಳಗೆ ಬರಬೇಕು, ಅಡುಗೆಮನೆಯವರೆಗೂ ಬರಬೇಕು. ಹಾಗಾಗಿ ಎಲ್ಲ ಬಾಗಿಲೂ ಮೂರು ಅಡಿ ಅಗಲ. ಹೊಸ್ತಿಲು ನೆಲದ ಮಟ್ಟಕ್ಕೆ, ರಂಗೋಲಿ ಬಿಡಿಸಲು ಒಂದು ಪಟ್ಟಿ ಕಲ್ಲು ಸಾಕು. ಬಚ್ಚಲಿನಲ್ಲಿ ಕುರ್ಚಿ ತಿರುಗಲು ಐದು ಅಡಿ ಜಾಗ. ಇಳಿಜಾರು ದಾರಿಗೆ ಲೆಕ್ಕ ಉಂಟು: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಮಳೆಗೆ ಹೆದರಿ ಮನೆಯ ಪಂಚಾಂಗ (ಅಡಿಪಾಯ) ಎರಡು ಅಡಿ ಎತ್ತರಿಸಿದರೆ 24 ಅಡಿ ದಾರಿ ಬೇಕು. ಎಂಜಿನಿಯರ್ "ಎಲಿವೇಶನ್ ಹಾಳಾಗ್ತದೆ" ಅಂದರು. ಆಗಲಿ. ಕಂಬ ಎರಡೂ ಬೇಡ, ಆ ದುಡ್ಡು ಈ ದಾರಿಗೆ ಹಾಕಿ ಅಂದೆ.

ಜಗಲಿ ಬೇಕೇ ಬೇಕು. ಎಂಟು ಅಡಿ ಅಗಲ. ಅಡಿಕೆ ಸುಲಿಯಲು, ಮಳೆ ನೋಡಲು, ಕರೆಯದೆ ಬಂದವರು ಕೂರಲು. ತುಳು, ಮಲಯಾಳ, ಹವ್ಯಕ, ಕೊಂಕಣಿ, ಬ್ಯಾರಿ ಎಲ್ಲ ಭಾಷೆಯೂ ಬಂದು ಕೂತ ಜಗಲಿಯಲ್ಲಿ ನಾನು ಮಾತು ಕಲಿತದ್ದು. ಅಲ್ಲೇ ಗೋಡೆಯಲ್ಲಿ ಒಂದು ಪುಸ್ತಕದ ಕಪಾಟು, ಬೀಗ ಇಲ್ಲದ್ದು.

ಹೆಸರು ಕನ್ನಡದಲ್ಲಿ. ನಮ್ಮ ರಾಜ್ಯದಲ್ಲಿ ಮನೆಯ ಹೆಸರು ಅಲಂಕಾರಕ್ಕಲ್ಲ, ಮತದಾರರ ಪಟ್ಟಿಯಲ್ಲೂ ಬರುತ್ತದೆ. ಬದಿಯಡ್ಕ ಮಲಯಾಳದಲ್ಲಿ ಬದಿಯಡುಕ್ಕ ಆಗುತ್ತದೆ, ಮಂಜೇಶ್ವರ ಮಂಜೇಶ್ವರಂ ಆಗುತ್ತದೆ. ಅಜ್ಜನ ಮನೆಯ ಹೆಸರೂ ದಾಖಲೆಯಲ್ಲಿ ತಪ್ಪಾಗಿ ಸೇರಿ, ಸರಿ ಮಾಡಿಸಲು ಅಪ್ಪ ಒಂದು ಕಚೇರಿಗೆ ಆರು ಸಲ ಅಲೆದರು. ಮಲಯಾಳದ ಮೇಲೆ ನನಗೆ ಸಿಟ್ಟಿಲ್ಲ, ಅದೂ ನನ್ನ ಜಗಲಿಯ ಭಾಷೆಯೇ. ಆದರೆ ಪೆರಡಾಲದಲ್ಲಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ತಮ್ಮ ಮನೆಗೆ 'ಕವಿತಾ ಕುಟೀರ' ಅಂತ ಹೆಸರಿಟ್ಟು ನೂರು ವರ್ಷ ಬಾಳಿದ ಊರು ಇದು. 'ಮೇಲಿನಡ್ಕ' ಅಂತ ನಾಲ್ಕಕ್ಷರ ಮುರಕಲ್ಲಿನಲ್ಲೇ ಕೆತ್ತಿಸುತ್ತೇನೆ. ಬಣ್ಣ ಬಳಿದ ಬೋರ್ಡು ಬೇಡ.

ಬಟ್ಟೆ ಒಣಗಿಸುವ ಜಾಗ ಕೊನೆಗೆ ನೆನಪಾಯಿತು, ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೆಲ್ಲ ಹಗ್ಗ ಕಟ್ಟಿ, ಒದ್ದೆ ಬಟ್ಟೆಯ ವಾಸನೆಯಲ್ಲಿ ಬದುಕಿದವರಿಗೆ ಗೊತ್ತು. ಬಚ್ಚಲ ಹಂಡೆಯ ಒಲೆಯ ಪಕ್ಕ, ಹಂಚಿನ ಅಡಿಯಲ್ಲಿ, ಹತ್ತು ಅಡಿ ಉದ್ದದ ಒಂದು ಓಣಿ. ಬಿಸಿ ಗಾಳಿ ಅಲ್ಲಿಂದಲೇ ಮೇಲೆ ಹೋಗುವ ಹಾಗೆ.

ನಿನ್ನೆ ರಾತ್ರಿ ಇಷ್ಟನ್ನೂ ಹಳೇ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದು ಅಮ್ಮನಿಗೆ ತೋರಿಸಿದೆ. ಅಮ್ಮನಿಗೆ ಈಗ 71. ಕನ್ನಡಕ ಹಾಕಿ ತುಂಬ ಹೊತ್ತು ನೋಡಿದಳು. ಸುರಂಗದ ನೀರು ಎಲ್ಲಿ ಬರುತ್ತದೆ ಅಂತ ಕೇಳಿದಳು, ತೋರಿಸಿದೆ. ಒಲೆ ಎಲ್ಲಿ, ತೋರಿಸಿದೆ. ಆಮೇಲೆ ನನ್ನ ಕೈಯಿಂದ ಪೆನ್ಸಿಲು ತೆಗೆದುಕೊಂಡಳು. ಒಲೆಯ ಎದುರಿನ ಗೋಡೆಯಲ್ಲಿ, ಕೆಳಗಿನಿಂದ ಹತ್ತಿ ಬರುವ ದಾರಿಯ ಕಡೆಗೆ, ಒಂದು ಕಿಟಕಿ ಎಳೆದಳು. ನಾನು ಬಿಡಿಸಿದ್ದಕ್ಕಿಂತ ಎರಡು ಪಾಲು ದೊಡ್ಡದು. "ಸರಳು ಅಡ್ಡಕ್ಕೆ ಬೇಡ, ಉದ್ದಕ್ಕೆ ಇರಲಿ. ಬರುವವರ ಮುಖ ಕಾಣಬೇಕು" ಅಂದಳು.

ಅದನ್ನೇ ಫೋಟೋ ತೆಗೆದು ಎಂಜಿನಿಯರ್‌ಗೆ ಕಳಿಸಿದ್ದೇನೆ.