‘ಕುಡೀತೀಯಾ?’ ಅಂತ ಕೇಳಿದರೆ ‘ಇಲ್ಲ’ ಅಂತಲೇ ಬರೀತಾರೆ

ಕಾಲೇಜೊಂದರ ‘ಮದ್ಯವ್ಯಸನ ತಪಾಸಣೆ’ ಫಾರ್ಮ್ ಇವತ್ತು ವಾಟ್ಸ್‌ಆ್ಯಪ್‌ನಲ್ಲಿ ಬಂತು. ಹೆಸರು, ರಿಜಿಸ್ಟರ್ ನಂಬರ್, ಅಪ್ಪನ ಮೊಬೈಲ್. ಆಮೇಲೆ ಒಂದೇ ಪ್ರಶ್ನೆ: ‘ಮದ್ಯಪಾನದ ಅಭ್ಯಾಸವಿದೆಯೇ? ಹೌದು/ಇಲ್ಲ.’ ತುಂಬಿದ್ದನ್ನೆಲ್ಲ ಕ್ಲಾಸ್ ರೆಪ್ ಒಟ್ಟುಮಾಡಿ ಎಚ್‌ಒಡಿಗೆ ಕೊಡಬೇಕಂತೆ. ಯಾವ ಹುಡುಗ ‘ಹೌದು’ಗೆ ಟಿಕ್ ಹಾಕ್ತಾನೆ ಹೇಳಿ? ನೋಡಿ ಮೈ ಉರಿಯಿತು.

ಕೇಳೋದಕ್ಕೆ ದಾರಿ ಇಲ್ಲ ಅಂತಲ್ಲ. ಕುಡಿತದ ಅಪಾಯ ಅಳೆಯೋ ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಪ್ರಶ್ನಾವಳಿ ಬಂದು ಮೂವತ್ತು ವರ್ಷ ದಾಟಿತು. ಹತ್ತು ಪ್ರಶ್ನೆ, 40 ಅಂಕ; ಅಂಕ ಏರಿದಷ್ಟೂ ಅಪಾಯ ಹೆಚ್ಚು. ಅಷ್ಟು ಪುರುಸೊತ್ತಿಲ್ಲವೇ, ಮೊದಲ ಮೂರೇ ಕೇಳಿ: ಎಷ್ಟು ದಿನಕ್ಕೊಮ್ಮೆ ಕುಡೀತೀರಿ, ಕುಡಿದ ದಿನ ಎಷ್ಟು, ಒಂದೇ ಸಲಕ್ಕೆ ಆರು ಡ್ರಿಂಕ್ ಅಥವಾ ಅದಕ್ಕಿಂತ ಹೆಚ್ಚು ಆಗೋದು ಎಷ್ಟು ಬಾರಿ. ಇದಕ್ಕೆ 12 ಅಂಕ.

ಇದನ್ನೂ ಕೆಡಿಸುವವರಿದ್ದಾರೆ. ಒಂದು ಡ್ರಿಂಕ್ ಅಂದರೆ ಎಷ್ಟು ಅಂತ ಹೇಳದೆ ಹಾಳೆ ಹಂಚುತ್ತಾರೆ. ಅಳತೆ 10 ಗ್ರಾಂ ಆಲ್ಕೋಹಾಲ್. ನಮ್ಮ 42.8 ಪರ್ಸೆಂಟಿನ ವಿಸ್ಕಿ, ರಮ್ಮಾದರೆ 30 ಎಂಎಲ್‌ಗೆ ಒಂದು. ನೈಂಟಿ ಪ್ಯಾಕೆಟ್ (90 ಎಂಎಲ್) ಮೂರು, ಕ್ವಾರ್ಟರ್ (180 ಎಂಎಲ್) ಆರು. 8 ಪರ್ಸೆಂಟಿನ ಸ್ಟ್ರಾಂಗ್ ಬಿಯರು 650 ಎಂಎಲ್ ಬಾಟಲಿ ನಾಲ್ಕು. ಶನಿವಾರ ಶನಿವಾರ ಒಂದು ಕ್ವಾರ್ಟರ್, ಒಂದು ಬಿಯರ್ ಮುಗಿಸುವ ಹುಡುಗ ಸುಳ್ಳು ಹೇಳದೆಯೇ ‘ಎರಡು’ ಅಂತ ಬರೀತಾನೆ. ಆರು ದಾಟಿದ್ದೇ ಇಲ್ಲ ಅಂತಾನೆ. ಅಂಕ 2. ಅಳತೆ ತಿಳಿಸಿ ಕೇಳಿದರೆ ಅವನು ಕುಡಿದದ್ದು ಹತ್ತು, ಅಂಕ 9! ಸಾಮಾನ್ಯವಾಗಿ ಗಂಡಸರಿಗೆ 4, ಹೆಂಗಸರಿಗೆ 3 ಬಂದರೆ ಎಚ್ಚರ ಅಂತ ಲೆಕ್ಕ. ಕಾಲೇಜಿನವರಿಗೆ 7 ಮತ್ತು 5 ಇರಲಿ ಅನ್ನುವವರೂ ಇದ್ದಾರೆ. ಗೆರೆ ಎಲ್ಲೇ ಎಳೆಯಿರಿ, ಅಳತೆ ಹೇಳದಿದ್ದರೆ ಈ ಹುಡುಗ ಕೈತಪ್ಪಿದ ಹಾಗೆಯೇ. ಪ್ಯಾಕೆಟ್, ಕ್ವಾರ್ಟರ್, ಬಿಯರ್ ಬಾಟಲಿಯ ಚಿತ್ರ ಅಚ್ಚುಹಾಕಿ, ಪಕ್ಕದಲ್ಲಿ ಸಂಖ್ಯೆ ಬರೆಯೋದು ಅಷ್ಟು ಕಷ್ಟವೇ?

ಇನ್ನು ಹಾಳೆ ಮೇಲೆ ಹೆಸರು ಬರೆಸಬೇಡಿ. ಹೆಸರೇ ಇಲ್ಲದಿದ್ದರೆ ಸಹಾಯ ಯಾರಿಗೆ ಮಾಡೋದು ಅಂತ ಕೇಳ್ತಾರೆ. ಕೋಡ್ ನಂಬರ್ ಕೊಡಿ ಸ್ವಾಮಿ. ಯಾವ ಕೋಡ್ ಯಾರದ್ದು ಅನ್ನೋ ಪಟ್ಟಿ ಕೌನ್ಸೆಲರ್ ಬೀರುವಿನಲ್ಲಿ ಬೀಗ ಹಾಕಿರಲಿ. ಎಚ್‌ಒಡಿ, ವಾರ್ಡನ್ ಯಾರ ಕೈಗೂ ಬೇಡ. ಒಂದೇ ಒಂದು ಹಾಳೆ ಶಿಸ್ತು ಸಮಿತಿಗೆ ಹೋಯಿತೋ, ಮುಂದಿನ ವರ್ಷ ಇಡೀ ಬ್ಯಾಚ್ ಸೊನ್ನೆ ಬರೆದುಕೊಡುತ್ತೆ.

ಪೂರ್ತಿ ಹತ್ತು ಪ್ರಶ್ನೆ ಕೇಳಿದ್ದರೆ 8ರಿಂದ 15ಕ್ಕೆ ಕೂರಿಸಿಕೊಂಡು ತಿಳಿಹೇಳಿದರೆ ಸಾಕು. 16ರಿಂದ 19ಕ್ಕೆ ಕೌನ್ಸೆಲಿಂಗ್ ಕೊಟ್ಟು ಮತ್ತೆ ಮತ್ತೆ ವಿಚಾರಿಸಬೇಕು. 20 ಮುಟ್ಟಿದರೆ ಮನೋವೈದ್ಯರೇ ನೋಡಬೇಕು. ಒಟ್ಟು ಅಂಕ ಕಮ್ಮಿಯಿದ್ದರೂ 8, 9ನೇ ಉತ್ತರ ಓದದೆ ಬಿಡಬೇಡಿ: ರಾತ್ರಿ ಏನಾಯಿತೆಂದು ನೆನಪಿಲ್ಲ, ಕುಡಿದು ಪೆಟ್ಟಾಯಿತು. ಬೈಕ್ ಓಡಿಸುವ ವಯಸ್ಸು ಅದು.

ದಿನಾ ಕುಡಿದು ಬೆಳಗ್ಗೆ ಕೈ ನಡುಗುವ ಹುಡುಗನನ್ನು ಮಾತ್ರ ‘ಇವತ್ತಿಂದ ಬಂದ್’ ಅಂತ ಹಾಸ್ಟೆಲ್ ರೂಮಿನಲ್ಲಿ ಕೂಡಿಹಾಕಬೇಡಿ. ದಿಢೀರ್ ನಿಲ್ಲಿಸಿದರೆ ಎರಡು ದಿನದೊಳಗೇ ಫಿಟ್ಸ್ ಬರಬಹುದು. ನೇರ ಆಸ್ಪತ್ರೆಗೆ ಕರಕೊಂಡು ಹೋಗಿ. ಉಳಿದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೇಳಲ್ಲ.