ಎರಡನೆಯ ಸೂಲಿನ ಗಿಟಾರ್

"ಮಾವ, ನನ್ನ ಹತ್ತಿರ 14 ಸಾವಿರ ಇದೆ. ಎಲೆಕ್ಟ್ರಿಕ್ ಗಿಟಾರ್ ಯಾವ ಕಂಪನಿಯದು ತೆಗೆದುಕೊಳ್ಳಲಿ?"

ಕಳೆದ ಬೇಸಿಗೆಯಲ್ಲಿ ಕೋಲಾರದಿಂದ ಅಕ್ಕನ ಮಗ ಫೋನ್ ಮಾಡಿ ಕೇಳಿದ. ಆ ದುಡ್ಡು ಹೇಗೆ ಕೂಡಿತೆಂಬುದು ನನಗೆ ಗೊತ್ತಿತ್ತು. ಟೊಮೆಟೊ ಸುಗ್ಗಿಯಲ್ಲಿ ಎಪಿಎಂಸಿಯ ಒಂದು ಮಂಡಿಯಲ್ಲಿ ಬೆಳಗಿನ ಜಾವವೇ ಹೋಗಿ 15 ಕೆಜಿ ಕ್ರೇಟುಗಳ ಲೆಕ್ಕ ಬರೆದು ಅವನು ಒಂಬತ್ತು ಸಾವಿರ ಉಳಿಸಿದ್ದ. ಮಿಕ್ಕಿದ್ದನ್ನು ಅಕ್ಕ ಹಾಲಿನ ಬಟವಾಡೆಯಲ್ಲಿ ಹದಿನೈದು ದಿನಕ್ಕೊಮ್ಮೆ ಇನ್ನೂರು, ಮುನ್ನೂರು ಎಂದು ತೆಗೆದಿಟ್ಟು ಕೊಟ್ಟಿದ್ದಳು. ಅಂಥ ದುಡ್ಡು ಒಂದು ಸಲ ತಪ್ಪಾದ ವಸ್ತುವಿಗೆ ಹೋದರೆ ಮತ್ತೆ ಎರಡು ವರ್ಷ ಗಿಟಾರಿನ ಮಾತೆತ್ತುವ ಹಾಗಿಲ್ಲ.

ನಾನು ಕೊಲ್ಕತ್ತಕ್ಕೆ ಬಂದು ಹದಿನೇಳು ವರ್ಷವಾಯಿತು. ಇಲ್ಲಿ ಬ್ಯಾಂಕ್ ಕೆಲಸ ಮುಗಿದ ಮೇಲೆ ಗಿಟಾರ್ ನುಡಿಸುವವರ ಜೊತೆ ಸಂಜೆಗಳನ್ನು ಕಳೆದಿದ್ದೇನೆ. ಲಾಲ್‌ಬಜಾರಿನ ಪಕ್ಕದಲ್ಲಿ, ಹಿಂದೆ ಚಿತ್ಪುರ ರಸ್ತೆ ಎನ್ನುತ್ತಿದ್ದ ರವೀಂದ್ರ ಸರಣಿಯ ಉದ್ದಕ್ಕೂ ವಾದ್ಯದ ಅಂಗಡಿಗಳ ಸಾಲೇ ಇದೆ. ಹಾರ್ಮೋನಿಯಂ, ತಬಲಾ, ಸಿತಾರ್, ಅವುಗಳ ನಡುವೆ ತೂಗುಹಾಕಿದ ಗಿಟಾರುಗಳು. ಭಾರತದ ಎಷ್ಟೋ ಹುಡುಗರು ಮೊದಲು ಬೆರಳು ನೋಯಿಸಿಕೊಂಡ ಗಿವ್‌ಸನ್, ಹಾಬ್ನರ್ ಗಿಟಾರುಗಳು ಈ ಊರಿನವೇ. ಇಲ್ಲಿ ಒಬ್ಬ ಹುಡುಗ ಗಿಟಾರ್ ಕೊಂಡುತಂದರೆ ಗೆಳೆಯರು ಅವನನ್ನು ಕಂಪನಿ ಕೇಳುವುದು ಕೊನೆಗೆ. ಮೊದಲು ಕೈಗೆ ತೆಗೆದುಕೊಂಡು, ಕತ್ತಿನ ಉದ್ದಕ್ಕೂ ಹೆಬ್ಬೆರಳು ಜಾರಿಸಿ, ಒಂದು ಕಣ್ಣು ಮುಚ್ಚಿ ತುದಿಯಿಂದ ನೋಡುತ್ತಾರೆ. ಅದು ಯಾರೋ ಬಳಸಿ ಬಿಟ್ಟದ್ದಾದರೆ ಯಾರಿಗೂ ಸಂಕೋಚವಿಲ್ಲ. ಕಾಲೇಜ್ ಸ್ಟ್ರೀಟಿನಲ್ಲಿ ಹಳೆಯ ಪುಸ್ತಕ ಕೊಂಡು ಬೆಳೆದ ಊರಿಗೆ ಹಳೆಯ ವಾದ್ಯ ಕೊಳ್ಳುವುದು ಕಲಿಸಬೇಕಾದ ವಿಷಯವಲ್ಲ.

ನಮ್ಮೂರಿನಲ್ಲಿ ಹಾಗಲ್ಲ. ಕೋಲಾರದಲ್ಲಿ ಗಿಟಾರ್ ಎಂದರೆ ಡಬ್ಬದಲ್ಲಿ ಬರಬೇಕು. ಹೊಸದಾಗಿರಬೇಕು, ಮಿಂಚಬೇಕು. "ಮೊದಲ ಸಲ ಕೊಡಿಸುತ್ತಿದ್ದೇವೆ, ಯಾರೋ ಬಿಟ್ಟದ್ದು ಯಾಕೆ?" ಎಂದು ಅಕ್ಕ ಕೇಳಿದಾಗ ಅದರ ಹಿಂದಿದ್ದ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಅವಳ ಮಾತನ್ನು ನಾನು ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಕಾರಣ ಕೊಲ್ಕತ್ತದಲ್ಲಿ ಅಲ್ಲ, ಅವಳ ಕೊಟ್ಟಿಗೆಯಲ್ಲೇ ಇತ್ತು.

ನನ್ನ ಭಾವ ಹಸು ಕೊಳ್ಳುವುದನ್ನು ನಾನು ನೋಡಿದ್ದೇನೆ. ಬಣ್ಣಕ್ಕೆ ಅವರು ಮರುಳಾಗುವವರಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ, ಕೆಚ್ಚಲಿಗೆ ಕೈಹಾಕಿ ನಾಲ್ಕು ಮೊಲೆಯನ್ನೂ ಒಂದೊಂದಾಗಿ ಹಿಂಡಿ ನೋಡುತ್ತಾರೆ. ಸಂಜೆ ಒಂದು ಸಲ, ಬೆಳಿಗ್ಗೆ ಒಂದು ಸಲ ತಾವೇ ಹಾಲು ಕರೆದು ಅಳೆಯದೆ ಮುಂಗಡ ಕೊಡುವುದಿಲ್ಲ. ಮತ್ತೆ, ಅವರು ಹುಡುಕುವುದು ಎರಡನೆಯ ಸೂಲಿನ ಹಸುವನ್ನು. ಮೊದಲ ಸೂಲಿನದು ಹೇಗೆ ಕರೆಯುತ್ತದೋ ಯಾರಿಗೂ ತಿಳಿಯದು. ಎರಡನೆಯದಕ್ಕೆ ಅದರ ಗುಣ, ಅವಗುಣ ಎರಡೂ ಹೊರಬಿದ್ದಿರುತ್ತವೆ. ಇಷ್ಟು ಬಲ್ಲ ಮನುಷ್ಯ, ಮಗನ ಗಿಟಾರನ್ನು ಮೊಬೈಲಿನಲ್ಲಿ ಚಿತ್ರ ನೋಡಿ ತರಿಸಲು ಸಿದ್ಧರಾಗಿದ್ದರು. "ಭಾವ, ಹಸುವನ್ನು ಹೀಗೆ ಚಿತ್ರ ನೋಡಿ ಕೊಳ್ಳುತ್ತೀರಾ?" ಎಂದು ನಾನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇದಕ್ಕೆ ಹಲ್ಲು ಎಲ್ಲಿರುತ್ತದೆ, ತೋರಿಸು" ಎಂದರು.

ಚಿತ್ರ ನೋಡಿ ತರಿಸಿದ್ದಕ್ಕೆ ಉದಾಹರಣೆ ಪಕ್ಕದ ಬೀದಿಯಲ್ಲೇ ಇತ್ತು. ಹುಡುಗನ ಗೆಳೆಯನೊಬ್ಬ ಗಿಟಾರ್, ಆಂಪ್ಲಿಫೈಯರ್, ಚೀಲ, ಪಟ್ಟಿ, ಕೇಬಲ್ ಎಲ್ಲ ಸೇರಿದ ಒಂದು ಕಟ್ಟನ್ನು ತರಿಸಿದ್ದ. ನಾನು ಊರಿಗೆ ಬಂದಾಗ ಅದು ಗೋಡೆಯ ಮೇಲಿತ್ತು. ಇಳಿಸಿ ನೋಡಿದೆ. ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್‌ಗಳ ಅಂಚು ಪಕ್ಕಕ್ಕೆ ಚಾಚಿಕೊಂಡಿದ್ದು, ಕೈ ಜಾರಿಸಿದರೆ ಗೀರುತ್ತಿತ್ತು. ತಂತಿಗಳು ತುಂಬಾ ಮೇಲಿದ್ದು, ಮೊದಲ ಫ್ರೆಟ್ ಒತ್ತಲೂ ಬಲ ಹಾಕಬೇಕಿತ್ತು. ಅಕ್ಕ ಮದುವೆಗೆ ಮುಂಚೆ ವರ್ಣದವರೆಗೆ ವೀಣೆ ಕಲಿತವಳು. ನನ್ನ ಕೈಯಿಂದ ಗಿಟಾರ್ ತೆಗೆದುಕೊಂಡು ತೊಡೆಯ ಮೇಲೆ ಅಡ್ಡ ಮಲಗಿಸಿ, ಖಾಲಿ ತಂತಿ ಮೀಟಿದಳು. ಆಮೇಲೆ ಹನ್ನೆರಡನೆಯ ಫ್ರೆಟ್ ಒತ್ತಿ ಮೀಟಿದಳು. ಖಾಲಿ ತಂತಿ ಷಡ್ಜವಾದರೆ ಅಲ್ಲಿ ಮೇಲಿನ ಷಡ್ಜ ಬರಬೇಕು. ಇನ್ನೊಮ್ಮೆ ಎರಡನ್ನೂ ಮೀಟಿ, "ಇದು ಮೇಲಿನ ಷಡ್ಜ ಅಲ್ಲ. ಮೇಲಕ್ಕೆ ಹೋಗಿದೆ" ಎಂದಳು. ಹುಡುಗ ಮೂರು ತಿಂಗಳು ಆ ಅಪಶ್ರುತಿಯ ಜೊತೆ ಹೋರಾಡಿ, ತನಗೆ ಸಂಗೀತ ಬರುವುದಿಲ್ಲ ಎಂದು ತೀರ್ಮಾನಿಸಿ ಬಿಟ್ಟಿದ್ದ. ನನಗೆ ಕೋಪ ಬರುವುದು ಇಲ್ಲಿ. ವಾದ್ಯದ ತಪ್ಪನ್ನು ಮಗು ತನ್ನ ತಪ್ಪೆಂದುಕೊಂಡಿತು.

ಅಕ್ಕ ಮಾಡಿದ ಆ ಪರೀಕ್ಷೆಗಿಂತ ಉತ್ತಮ ಪರೀಕ್ಷೆಯನ್ನು ಕೊಲ್ಕತ್ತದ ಯಾವ ಅಂಗಡಿಯವನೂ ನನಗೆ ತೋರಿಸಿಲ್ಲ. ವೀಣೆಯಲ್ಲಿ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ಸ್ವರ ಸರಿದರೆ ಮೇಣ ಬಿಸಿ ಮಾಡಿ ಮೆಟ್ಟಿಲನ್ನೇ ಸರಿಸಿ ಮೇಳ ಕಟ್ಟುತ್ತಾರೆ. ಗಿಟಾರಿನ ಫ್ರೆಟ್ ಮರಕ್ಕೆ ಬಡಿದು ಕೂರಿಸಿದ್ದು, ಸರಿಯುವುದಿಲ್ಲ. ಅದಕ್ಕೆ ಬದಲಾಗಿ ಈ ತುದಿಯಲ್ಲಿ, ವೀಣೆಯ ಕುದುರೆ ಇರುವ ಜಾಗದಲ್ಲಿ, ಎಲೆಕ್ಟ್ರಿಕ್ ಗಿಟಾರಿನ ಒಂದೊಂದು ತಂತಿಗೂ ಹಿಂದೆ ಮುಂದೆ ಸರಿಯುವ ಒಂದೊಂದು ಪುಟ್ಟ ಕುದುರೆ ಇರುತ್ತದೆ. ಒತ್ತಿದ ಹನ್ನೆರಡನೆಯ ಫ್ರೆಟ್ಟಿನ ಸ್ವರ ಏರಿದ್ದರೆ ಆ ಕುದುರೆಯನ್ನು ಸ್ಕ್ರೂ ತಿರುಗಿಸಿ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಬೇಕು. ಶ್ರುತಿ ನೋಡಲು ಮೊಬೈಲಿನ ಉಚಿತ ಟ್ಯೂನರ್ ಸಾಕು. ಸರಿಸಲು ಜಾಗವೇ ಉಳಿದಿಲ್ಲವಾದರೆ ಆ ಗಿಟಾರನ್ನು ಕೊಳ್ಳಬೇಡಿ, ಅಷ್ಟೇ.

ಭಾವ ಕೇಳಿದ "ಹಲ್ಲು" ಎಂದರೆ ಕತ್ತು. ಆರು ತಂತಿಗಳು ಸೇರಿ, ತೆಳುವಾದ ಸೆಟ್ಟೇ ಆದರೂ, ಹತ್ತಿರ ಹತ್ತಿರ 40 ಕೆಜಿ ಬಲದಿಂದ ಕತ್ತನ್ನು ಎಳೆಯುತ್ತಿರುತ್ತವೆ. ಅದನ್ನು ತಡೆಯಲು ಮರದೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸಲಾಕೆ ಇದೆ. ಕತ್ತು ತಿರುಚಿದ್ದರೆ ವ್ಯಾಪಾರ ಅಲ್ಲಿಗೇ ಮುಗಿಯಿತು. ಬರೀ ಬಾಗಿದ್ದರೆ, ಸಲಾಕೆಯ ನಟ್ ತಿರುಗುತ್ತಿದ್ದರೆ, ಚಿಂತೆಯಿಲ್ಲ. ಆಮೇಲೆ ಒಂದೊಂದು ತಂತಿಯನ್ನೂ ಒಂದೊಂದು ಫ್ರೆಟ್ಟಿನಲ್ಲಿ ಒತ್ತಿ ಮೀಟಬೇಕು, ಎಲ್ಲೂ ಗರಗರ ಎನ್ನಬಾರದು. ಬಿರಡೆಗಳು ಬಿಗಿಯಾಗಿ ತಿರುಗಬೇಕು. ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಗುಂಡಿ ತಿರುಗಿಸಿದಾಗ ಕರಕರ ಬಂದರೆ ಅದು ಸಣ್ಣ ಕಾಯಿಲೆ, ಬೆಲೆ ಇಳಿಸಲು ಒಳ್ಳೆಯ ಮಾತು. ಬಣ್ಣ ಎದ್ದಿರುವುದು, ಮೂಲೆ ಚಕ್ಕೆ ಹಾರಿರುವುದು ಕಾಯಿಲೆಯೇ ಅಲ್ಲ. ಯಾವ ಮರದ ಮೈ ಎಂದು ತಲೆಕೆಡಿಸಿಕೊಳ್ಳುವುದೂ ಈ ಬೆಲೆಯಲ್ಲಿ ಬೇಡ.

ಕಂಪನಿಯ ಮಾತನ್ನೂ ಹೇಳಿಬಿಡುತ್ತೇನೆ, ಹುಡುಗ ಕೇಳಿದ್ದು ಅದನ್ನೇ ಆದ್ದರಿಂದ. ಯಮಹಾ ಪ್ಯಾಸಿಫಿಕಾ, ಫೆಂಡರ್‌ನ ಅಗ್ಗದ ಶಾಖೆಯಾದ ಸ್ಕ್ವಾಯರ್, ಐಬನೇಜ್‌ನ ಜಿಯೊ, ಕಾರ್ಟ್, ಇವುಗಳಲ್ಲಿ ಯಾವುದು ಹಳೆಯದಾಗಿ ಸಿಕ್ಕರೂ ಮೇಲಿನ ಪರೀಕ್ಷೆಗಳಲ್ಲಿ ಗೆದ್ದರೆ ತೆಗೆದುಕೊಳ್ಳಬಹುದು. ತಲೆಯ ಮೇಲಿನ ಹೆಸರಿಗೆ ಹೆಚ್ಚು ತೂಕ ಕೊಡಬೇಡಿ. ದುಬಾರಿ ಎನಿಸಿಕೊಂಡ ಪಿಆರ್‌ಎಸ್ ಕಂಪನಿಯ ಎಸ್‌ಇ ಸರಣಿಯ ಬಹುಪಾಲು ಗಿಟಾರುಗಳು ತಯಾರಾಗುವುದೂ ಇದೇ ಕಾರ್ಟ್‌ನ ಇಂಡೊನೇಷ್ಯಾ ಕಾರ್ಖಾನೆಯಲ್ಲಿ. ಕೊಲ್ಕತ್ತದ ಹಳೆಯ ಮಾರುಕಟ್ಟೆಯಲ್ಲಿ ಹೆಸರನ್ನು ಅಂಟಿಸಿ ಮಾರುವವರೂ ಇದ್ದಾರೆ. ಹೆಸರು ನೋಡಿ ಕೊಂಡವರೇ ಅಲ್ಲಿ ಮೋಸ ಹೋಗುವುದು. 1954ರಲ್ಲಿ ಬಂದ ಫೆಂಡರ್‌ನ ಸ್ಟ್ರ್ಯಾಟೊಕಾಸ್ಟರ್ ಗಿಟಾರಿನ ಆಕಾರವನ್ನೇ ಇಂದಿಗೂ ಅನೇಕ ಅಗ್ಗದ ಗಿಟಾರುಗಳು ಅನುಸರಿಸುತ್ತವೆ. ಅದರಲ್ಲಿ ಕತ್ತನ್ನು ಅಂಟಿಸಿರುವುದಿಲ್ಲ, ನಾಲ್ಕು ಸ್ಕ್ರೂಗಳಿಂದ ಬಿಗಿದಿರುತ್ತಾರೆ. ಬಿಚ್ಚಿ ರಿಪೇರಿ ಮಾಡಲು ಬರುವ ವಸ್ತು ಬಡವನಿಗೆ ಯಾವತ್ತೂ ಒಳ್ಳೆಯದು. ಹಿಡಿಕೆ ಜಗ್ಗಿದರೆ ತೇಲಾಡುವ ಫ್ಲಾಯ್ಡ್ ರೋಸ್ ಬ್ರಿಡ್ಜ್, ಅಂದರೆ ಕುದುರೆಗಳು ಕೂರುವ ತಳ, ಮಾತ್ರ ಮೊದಲ ಗಿಟಾರಿನಲ್ಲಿ ಬೇಡವೇ ಬೇಡ. ಒಂದು ತಂತಿ ಹರಿದರೆ ಉಳಿದ ಐದೂ ಶ್ರುತಿ ತಪ್ಪುತ್ತವೆ.

ಹಳ್ಳಿಯ ಮನೆಗೆ ಇನ್ನೊಂದು ವಿಷಯ ಮುಖ್ಯ. ತಂತಿಯ ಕಂಪನವನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಭಾಗಕ್ಕೆ ಪಿಕಪ್ ಎನ್ನುತ್ತಾರೆ. ಒಂದೇ ಸುರುಳಿಯ ಪಿಕಪ್ ತಂತಿಯ ಧ್ವನಿಯ ಜೊತೆಗೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಅದು ಕಿವಿ ಕೊರೆಯುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಎರಡು ಸುರುಳಿಗಳನ್ನು ಎದುರುಬದುರಾಗಿ ಜೋಡಿಸಿ ಒಂದರ ಗದ್ದಲವನ್ನು ಇನ್ನೊಂದು ಅಳಿಸುವಂತೆ ಮಾಡಿದರು, ಅದೇ ಹಂಬಕರ್. ಕುದುರೆಯ ಬಳಿ ಕನಿಷ್ಠ ಒಂದು ಹಂಬಕರ್ ಇರುವ ಗಿಟಾರನ್ನೇ ನೋಡು ಎಂದು ಹುಡುಗನಿಗೆ ಹೇಳಿದೆ.

ಇಷ್ಟೆಲ್ಲ ಹೇಳಿದ ಮೇಲೆ ಗಿಟಾರ್ ಸಿಕ್ಕಿದ್ದು ಬೆಂಗಳೂರಿನಲ್ಲಲ್ಲ, ಕೆಜಿಎಫ್‌ನಲ್ಲಿ. ನಾವು ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಚಾಂಪಿಯನ್ ನಿಲ್ದಾಣದಲ್ಲಿ ಇಳಿದೆವು: ಭಾವ, ಹುಡುಗ, ನಾನು. ಕೊಲ್ಕತ್ತದಲ್ಲಿ ಗಿಟಾರ್ ಕೊಳ್ಳಲು ಗೆಳೆಯರು ಹೋಗುತ್ತಾರೆ, ಮನೆಯವರು ಯಾರೂ ಬರುವುದಿಲ್ಲ. ತಂದೆಯೂ ಜೊತೆಗೆ ಬರುವ ನಮ್ಮ ರೀತಿ ನನಗೆ ಹಿಡಿಸಿತು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅಲ್ಲೇ ಉಳಿದ ಹಿರಿಯ ಫಿಟ್ಟರ್ ಒಬ್ಬರ ಮನೆ ಅದು. ಮಗ ಚರ್ಚಿನಲ್ಲಿ ನುಡಿಸುತ್ತಿದ್ದ ಕಾರ್ಟ್ ಗಿಟಾರ್. ಮಗ ದುಬೈಗೆ ಹೋಗಿದ್ದಾನೆ. ಕಪ್ಪು ಬಣ್ಣ, ಕೆಳಗಿನ ಅಂಚಿನಲ್ಲಿ ಬೆರಳಗಲ ಚಕ್ಕೆ ಹಾರಿತ್ತು.

ಆ ಹಿರಿಯರು ಗಿಟಾರ್ ನುಡಿಸುವವರಲ್ಲ. ಆದರೆ ಮೇಜಿನ ಖಾನೆಯಿಂದ ಒಂದು ಫೀಲರ್ ಗೇಜ್ ತೆಗೆದರು, ಎಲೆ ಎಲೆಯಾಗಿ ಬಿಚ್ಚಿಕೊಳ್ಳುವ ಉಕ್ಕಿನ ಪಟ್ಟಿಗಳ ಗೊಂಚಲು. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿಯಲು ನನಗೆ ಹೇಳಿ, ನಡುವಿನ ಸಂದಿಗೆ ಒಂದೊಂದೇ ಎಲೆ ತೂರಿಸಿದರು. ಒಂದು ಸಡಿಲವಾಗಿ ಹೋಯಿತು, ಇನ್ನೊಂದೂ ಹೋಯಿತು. "ಇಪ್ಪತ್ತು ಥೌ ಇದೆ ತಮ್ಮಾ, ಜಾಸ್ತಿ. ಹತ್ತು ಸಾಕು" ಎಂದು ಆಲನ್ ಕೀಲಿಯಿಂದ ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿ, ಲೋಟದಲ್ಲಿದ್ದ ಕಾಫಿ ಮುಗಿಸಿ, ಮತ್ತೆ ಅಳೆದು, ಇನ್ನೂ ಸ್ವಲ್ಪ ತಿರುಗಿಸಿದರು. ಹತ್ತು ಥೌ ಎಂದರೆ ಕಾಲು ಮಿಲಿಮೀಟರ್. ಇಷ್ಟು ಜಾಗ್ರತೆಯ ಕೈಯನ್ನು ನಾನು ರವೀಂದ್ರ ಸರಣಿಯ ಮಿಸ್ತ್ರಿಗಳಲ್ಲಿ ಕಂಡಿದ್ದೆ, ಅಲ್ಲಿ ಮಾತ್ರ ಇದೆ ಎಂದುಕೊಂಡಿದ್ದೆ. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ತರಿಸಿಕೊಂಡು, ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಯಂತ್ರ ಇಳಿಸಿದ ಊರಿನಲ್ಲಿ ಅಂಥ ಕೈಗಳು ಇಲ್ಲದೆ ಇನ್ನೆಲ್ಲಿ ಇರುತ್ತವೆ?

ಭಾವ ಅಷ್ಟು ಹೊತ್ತೂ ಸುಮ್ಮನೆ ನೋಡುತ್ತಿದ್ದರು. ಆಮೇಲೆ ತಾವೇ ಎದ್ದು, ನಾನು ಹೇಳಿಕೊಟ್ಟ ಹಾಗೆ ಒಂದೊಂದು ತಂತಿಯನ್ನೂ 22 ಫ್ರೆಟ್ಟಿನಲ್ಲೂ ಒತ್ತಿ ಮೀಟಿದರು. ಒಟ್ಟು 132 ಸಲ. ಯಾರೂ ಅವರನ್ನು ಅವಸರ ಮಾಡಲಿಲ್ಲ. ಎರಡನೆಯ ತಂತಿ ಹದಿನೈದನೆಯ ಫ್ರೆಟ್ಟಿನಲ್ಲಿ ಗರ್ ಎಂದಿತು, ಅವರು ತಲೆಯೆತ್ತಿ ನೋಡಿದರು, ಐನೂರು ಇಳಿಯಿತು.

ಗಿಟಾರಿಗೆ 8,500 ಆಯಿತು. 14 ಸಾವಿರವನ್ನೂ ಗಿಟಾರಿಗೇ ಸುರಿಯಬಾರದು ಎನ್ನುವುದು ನನ್ನ ಹಟ. ಒಂದು ಹಳೆಯ 10 ವ್ಯಾಟಿನ ಆಂಪ್ಲಿಫೈಯರ್ 2,500ಕ್ಕೆ ಸಿಕ್ಕಿತು, ಹೆಡ್‌ಫೋನ್ ಸಿಕ್ಕಿಸುವ ಜಾಗವಿರುವುದನ್ನೇ ಹುಡುಕಿ ತಂದೆವು. ರಾತ್ರಿ ಅಭ್ಯಾಸ ಮಾಡುವ ಮನೆಯಲ್ಲಿ ಹಾಲು ಕರೆಯುವವರು ನಾಲ್ಕೂವರೆಗೆ ಏಳಬೇಕು. ಕೇಬಲ್‌ಗೆ ಮತ್ತು ಎರಡು ಸೆಟ್ ತಂತಿಗೆ ಒಂದೂವರೆ ಸಾವಿರ ಹೋಯಿತು. ಮಿಕ್ಕಿದ್ದು ಹುಡುಗನ ಹತ್ತಿರವೇ ಇದೆ. ಕೊಲ್ಕತ್ತದ ಸೆಕೆಗೆ ನನ್ನ ತಂತಿಗಳು ಬೇಗ ತುಕ್ಕು ಹಿಡಿಯುತ್ತವೆ. ಕೋಲಾರದ ಒಣ ಗಾಳಿಯಲ್ಲಿ ಅವನಿಗೆ ಆ ಖರ್ಚು ಕಡಿಮೆ ಬೀಳುತ್ತದೆ.

ಅಕ್ಕ ಮನೆಯಲ್ಲಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹನ್ನೆರಡನೆಯ ಫ್ರೆಟ್ ಒತ್ತಿ ಆರೂ ತಂತಿ ಮೀಟಿದಳು. ಐದನೆಯದನ್ನು ಎರಡು ಸಲ. ಚಕ್ಕೆ ಹಾರಿದ ಅಂಚನ್ನು ಅವಳು ನೋಡಿದ್ದು ಅದೆಲ್ಲ ಮುಗಿದ ಮೇಲೆ.

ಹೋದ ತಿಂಗಳು ಹುಡುಗ ತನ್ನ ಗೆಳೆಯನ ಜೊತೆ ಮತ್ತೆ ಚಾಂಪಿಯನ್ ನಿಲ್ದಾಣದಲ್ಲಿ ಇಳಿದಿದ್ದಾನೆ, ಗೋಡೆಯ ಮೇಲಿದ್ದ ಗಿಟಾರನ್ನು ಹೊತ್ತುಕೊಂಡು. ಹಿರಿಯರು ಸಣ್ಣ ಅರದಿಂದ ಫ್ರೆಟ್ ಅಂಚುಗಳನ್ನೆಲ್ಲ ಸವೆಸಿ, ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ ಕಚ್ಚುಗಳನ್ನು ಆಳಮಾಡಿ ತಂತಿ ಇಳಿಸಿ, ಪುಟ್ಟ ಕುದುರೆಗಳನ್ನು ಹಿಂದಕ್ಕೆ ಸರಿಸಿ ಕೊಟ್ಟರಂತೆ. ಮುನ್ನೂರು ರೂಪಾಯಿ ತೆಗೆದುಕೊಂಡರಂತೆ. ಮುಂದಿನ ಸಲ ಬರುವಾಗ ಇನ್ನೂ ಸಣ್ಣ ಅರಗಳ ಒಂದು ಸೆಟ್ ಎಲ್ಲಾದರೂ ಸಿಕ್ಕರೆ ತರಲು ಹೇಳಿದ್ದಾರೆ. ಅದನ್ನು ನಾನು ಲಾಲ್‌ಬಜಾರಿನಲ್ಲಿ ವಿಚಾರಿಸುತ್ತಿದ್ದೇನೆ.